ಮಕ್ಕಳ ಜೊತೆ ಬೇಸಿಗೆ ಬಿಡಾರ

ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಲ್ಲಿ ಬೇಸಿಗೆ ರಜೆ ಶುರುವಾದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಅಜ್ಜಿ ಮನೆ, ಮದುವೆ ಮುಂಜಿ, ಊರ ಜಾತ್ರೆ ಎಲ್ಲ ಮುಗಿದ ಮೇಲೂ ಕೆಲವು ದಿನ ಉಳಿದೇ ಇರುತ್ತವೆ. ಆ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಬೇಕೆಂಬ ಆಸೆ ಈಗ ಬಹಳ ಮನೆಗಳಲ್ಲಿದೆ. ಒಳ್ಳೆಯ ಆಸೆ. ಆದರೆ ನಮ್ಮಲ್ಲಿ ಬಯಲಿನಲ್ಲಿ ಮಲಗಲು ಹಿತವಾದ ಕಾಲ ನವೆಂಬರಿನಿಂದ ಫೆಬ್ರುವರಿವರೆಗೆ. ಮಕ್ಕಳಿಗೆ ರಜೆ ಸಿಗುವುದು ಸೆಕೆ, ಸಿಡಿಲು, ಕಾಡ್ಗಿಚ್ಚು ಮೂರೂ ಜೋರಾಗಿರುವ ತಿಂಗಳುಗಳಲ್ಲಿ. ಹಾಗಾಗಿ ಬೇಸಿಗೆ ಬಿಡಾರದ ಲೆಕ್ಕಾಚಾರವೇ ಬೇರೆ.

ಆ ಲೆಕ್ಕಾಚಾರದಲ್ಲಿ ಮೊದಲು ಕಡಿಮೆಯಾಗಬೇಕಾದದ್ದು ನೋಡುವ ಜಾಗಗಳ ಪಟ್ಟಿ. ಒಂದೇ ತಾಣ, ಒಂದು ರಾತ್ರಿ, ಹೆಚ್ಚೆಂದರೆ ಎರಡು. ಬೆಳಿಗ್ಗೆ ಜಲಪಾತ, ಮಧ್ಯಾಹ್ನ ದೇವಸ್ಥಾನ, ಸಂಜೆ ವ್ಯೂ ಪಾಯಿಂಟ್ ಎಂದು ಹೊರಟರೆ ನಾಲ್ಕು ವರ್ಷದ ಮಗುವಿಗೆ ನೆನಪುಳಿಯುವುದು ಕಾರು ಹತ್ತಿದ್ದು, ಇಳಿದದ್ದು, ವಾಂತಿ ಮಾಡಿದ್ದು. ಅದೇ ಮಗುವನ್ನು ಒಂದು ಮರದ ಕೆಳಗೆ ಬಿಟ್ಟು ನೋಡಿ. ಕಲ್ಲು ಎತ್ತಿ ಅಡಿಯಲ್ಲಿನ ಇರುವೆ ನೋಡುತ್ತದೆ, ತರಗೆಲೆ ಗುಡ್ಡೆ ಹಾಕುತ್ತದೆ, ಒಂದು ಚೊಂಬು ನೀರು ಸಿಕ್ಕರೆ ಎರಡು ಗಂಟೆ ಕೆಸರಿನಲ್ಲಿ ಕಳೆಯುತ್ತದೆ. ಬಿಡಾರದಲ್ಲಿ ಮಕ್ಕಳಿಗೆ ಕೊಡಬೇಕಾದದ್ದು ಈ ಹೊತ್ತನ್ನು. ಹಿರಿಯರು ಸುಮ್ಮನೆ ಕೂರಲು ಒಪ್ಪಿದರೆ ಮಿಕ್ಕ ಏರ್ಪಾಡು ಸುಲಭ.

ವಯಸ್ಸಿನ ವಿಷಯ ಖಚಿತವಾಗಿಯೇ ಹೇಳುತ್ತೇನೆ. ಎರಡು ವರ್ಷದೊಳಗಿನ ಕೂಸನ್ನು ಏಪ್ರಿಲ್–ಮೇ ತಿಂಗಳಲ್ಲಿ ಬಟ್ಟೆಯ ಟೆಂಟಿನಲ್ಲಿ ಮಲಗಿಸುವುದು ಬೇಡ. ಕೂಸಿನ ಮೈ ಬೇಗ ಕಾಯುತ್ತದೆ, ಬೇಗ ನೀರು ಕಳೆದುಕೊಳ್ಳುತ್ತದೆ. ದಾಹ ಆಗಿದೆ ಎಂದು ಅದು ಬಾಯಿಬಿಟ್ಟು ಹೇಳಲಾರದು. ಅಂಥ ಮನೆಯವರು ಕೋಣೆ ಇರುವ ತಾಣ ಆರಿಸಿಕೊಂಡು, ಅದರ ಅಂಗಳದಲ್ಲಿ ದೊಡ್ಡ ಮಗುವಿಗೆ ಟೆಂಟ್ ಹಾಕಿಕೊಡಬಹುದು. ಮೂರು ದಾಟಿದ ಮಕ್ಕಳು ಹೊಂದಿಕೊಳ್ಳುತ್ತಾರೆ. ಆರರಿಂದ ಹತ್ತರವರೆಗಿನದು ಇದಕ್ಕೆ ಹೇಳಿ ಮಾಡಿಸಿದ ವಯಸ್ಸು.

ಎಲ್ಲಿಗೆ?

ಸಮುದ್ರಮಟ್ಟದಿಂದ 1,000 ಮೀಟರ್ ಮೇಲಕ್ಕೆ ಹೋದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಬೇಸಿಗೆಯಲ್ಲಿ ತಾಣ ಆರಿಸಲು ಇದಕ್ಕಿಂತ ಒಳ್ಳೆಯ ಸೂತ್ರವಿಲ್ಲ. ಮಡಿಕೇರಿ, ಚಿಕ್ಕಮಗಳೂರು ಪಟ್ಟಣಗಳು ಸಾವಿರ ಮೀಟರಿಗೂ ಮೇಲಿವೆ. ಅಲ್ಲಿ ರಾತ್ರಿ ಒಂದು ಹೊದಿಕೆ ಬೇಕೆನಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಯೂ ಅಷ್ಟೇ ಎತ್ತರದಲ್ಲಿದೆ. ಹಿಂದೆ ಮೈಸೂರು ಮಹಾರಾಜರ ಬೇಟೆಯ ಬಂಗಲೆ ಇದ್ದ ಈ ಜಾಗದಲ್ಲಿ ಈಗ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಬಿಡಾರ ನಡೆಸುತ್ತದೆ. ಟೆಂಟಿಗೇ ಸೇರಿದ ಶೌಚಾಲಯ, ಹೊತ್ತಿಗೆ ಸರಿಯಾಗಿ ಊಟ, ಕಾಡು ಬಲ್ಲ ಸಿಬ್ಬಂದಿ ಇರುವುದರಿಂದ ಮೊದಲ ಸಲ ಹೊರಟವರಿಗೆ ಇಂಥ ಜಾಗವೇ ಸರಿ. ಆದರೆ ಅದು ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಕಾಡುಪ್ರಾಣಿ ಬಿಡಾರದ ಆಸುಪಾಸಿಗೇ ಬರುತ್ತದೆ. ಕತ್ತಲಾದ ಮೇಲೆ ಮಗು ಟೆಂಟಿನಿಂದ ಊಟದ ಮನೆಗೆ ಒಂಟಿಯಾಗಿ ಓಡುವಂತಿಲ್ಲ. ಕಾಡಿನ ರಸ್ತೆಗೆ ಸಂಜೆಯ ಮೇಲೆ ವಾಹನ ಬಿಡುವುದಿಲ್ಲವಾದ್ದರಿಂದ ಮಧ್ಯಾಹ್ನದೊಳಗೇ ತಲುಪಬೇಕು.

ಬೆಂಗಳೂರಿಗೆ ಹತ್ತಿರವೆಂದು ಬಹಳ ಜನ ಹೋಗುವುದು ಕಾವೇರಿ ದಂಡೆಯ ಗಾಳಿಬೋರೆ, ಭೀಮೇಶ್ವರಿಗಳಿಗೆ. ಎರಡೂ ಸುಂದರ ತಾಣಗಳು. ಆದರೆ ಕಣಿವೆ ತಗ್ಗಿನಲ್ಲಿದೆ. ಮೇ ತಿಂಗಳ ಮಧ್ಯಾಹ್ನ ಅಲ್ಲಿ ಬಂಡೆ ಕಾದು ಗಾಳಿಯೇ ಬಿಸಿಯಾಗಿರುತ್ತದೆ. ಚಿಕ್ಕ ಮಕ್ಕಳಿದ್ದರೆ ಆ ತಾಣಗಳನ್ನು ದಸರಾ ಅಥವಾ ಕ್ರಿಸ್‌ಮಸ್ ರಜೆಗೆ ಇಟ್ಟುಕೊಳ್ಳಿ. ಕಾರವಾರ, ಗೋಕರ್ಣದ ಕಡಲತೀರದ ಟೆಂಟುಗಳ ವಿಷಯದಲ್ಲೂ ನನ್ನ ಅಭಿಪ್ರಾಯ ಅದೇ. ಕರಾವಳಿಯ ಮೇ ತಿಂಗಳ ಬೆವರಿಗೆ ರಾತ್ರಿಯೂ ಬಿಡುವಿಲ್ಲ. ಮಕ್ಕಳು ನಿದ್ದೆಗೆಟ್ಟು ಅಳುತ್ತಾರೆ.

ಬೇಸಿಗೆಯಲ್ಲೇ ಹೋಗಬೇಕಾದ ಒಂದು ಜಾಗವೂ ಇದೆ. ಲಕ್ಕವಳ್ಳಿಯ ಭದ್ರಾ ಹಿನ್ನೀರು ಇಳಿದಾಗ ನಡುವಿನ ಬೋಳು ದಿಬ್ಬಗಳು ತಲೆಯೆತ್ತುತ್ತವೆ. ಆ ದಿಬ್ಬಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಹಿಂಡುಹಿಂಡಾಗಿ ಬಂದು ನೆಲದ ಮೇಲೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಅಲ್ಲಿನ ಸರ್ಕಾರಿ ವಸತಿಗೆ ಹೆಸರು ಬಂದದ್ದೂ ಆ ಹಕ್ಕಿಯಿಂದ. ಉಳಿಯುವುದು ಕಾಟೇಜಿನಲ್ಲಿ, ಟೆಂಟಿನಲ್ಲಲ್ಲ. ಆದರೂ ದೋಣಿಯಲ್ಲಿ ಕೂತು ತಾಯಿ ಹಕ್ಕಿ ಮೀನು ತಂದು ಮರಿಯ ಬಾಯಿಗಿಡುವುದನ್ನು ಕಂಡ ಮಗುವಿಗೆ ಬೇರೆ ಪಾಠ ಬೇಕಿಲ್ಲ.

ಸ್ವಂತ ಟೆಂಟ್ ಇದ್ದವರಿಗೆ ಕೊಡಗು, ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟದ ಹೋಮ್‌ಸ್ಟೇಗಳು ಒಳ್ಳೆಯವು. ಮರದ ನೆರಳು ಧಾರಾಳ, ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ, ಶೌಚಾಲಯ. ಮೊದಲೇ ಫೋನ್ ಮಾಡಿ 'ಅಂಗಳದಲ್ಲಿ ನಮ್ಮ ಟೆಂಟ್ ಹಾಕಿಕೊಳ್ಳಬಹುದೇ' ಎಂದು ಕೇಳಿದರೆ ಎಷ್ಟೋ ಮಾಲೀಕರು ಒಪ್ಪುತ್ತಾರೆ. ಹೂಮಳೆ ಬಿದ್ದ ಒಂದೆರಡು ವಾರದಲ್ಲಿ ಹೋದರೆ ಇಡೀ ತೋಟ ಬೆಳ್ಳಗೆ ಅರಳಿ ಘಮಘಮಿಸುತ್ತಿರುತ್ತದೆ. ಜೊತೆಗೆ 'ಈಚೆಗೆ ಆನೆ ಬಂದಿತ್ತೇ' ಎಂಬ ಪ್ರಶ್ನೆಯನ್ನೂ ಕೇಳಿ. ಬಂದಿದ್ದರೆ ಟೆಂಟ್ ಬೇಡ, ಮನೆಯೊಳಗೆ ಮಲಗಿ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಲ್ಲಿ ಅಲ್ಲೇ ಟೆಂಟ್ ಹೂಡುವ ಮಾತೇ ಇಲ್ಲ. ಆ ಭಾಗದವರು ಖಾನಾಪುರ, ಜೋಯಿಡಾ, ದಾಂಡೇಲಿ ಕಡೆ ಹೋಗಬೇಕು. ದೂರ ಹೆಚ್ಚಾಗುವುದರಿಂದ ಹೋದ ದಿನ, ಬರುವ ದಿನ ಬಿಟ್ಟು ನಡುವೆ ಒಂದು ಪೂರ್ತಿ ದಿನ ಸಿಗುವಂತೆ ಎರಡು ರಾತ್ರಿ ಇಟ್ಟುಕೊಳ್ಳಿ.

ಕಾಯ್ದಿಟ್ಟ ಅರಣ್ಯ, ವನ್ಯಧಾಮಗಳಲ್ಲಿ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಅಭಯಾರಣ್ಯದೊಳಗೆ ಅನುಮತಿಯಿಲ್ಲದ ಪ್ರವೇಶ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬೆಂಕಿಯ ಭಯದಿಂದ ಬೇಸಿಗೆಯಲ್ಲಿ ಅನೇಕ ಚಾರಣದ ಹಾದಿಗಳನ್ನು ಅರಣ್ಯ ಇಲಾಖೆ ಮುಚ್ಚುತ್ತದೆ. ಯಾವುದು ತೆರೆದಿದೆ ಎಂಬುದನ್ನು ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಯಾರೋ ಪರಿಚಯದವರು ಗಾರ್ಡಿಗೆ ಹೇಳಿಸುತ್ತಾರೆಂದು ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಹೋಗಬೇಡಿ. ಅವಘಡವಾದರೆ ಅಲ್ಲಿ ನೆರವಿಗೆ ಬರುವವರು ಯಾರೂ ಇರುವುದಿಲ್ಲ.

ಮೊದಲ ರಾತ್ರಿ ತಾರಸಿಯ ಮೇಲೆ

ಟೆಂಟನ್ನು ಮೊದಲ ಸಲವೇ ಕೊಳ್ಳಬೇಡಿ. ಬಾಡಿಗೆಗೋ ಎರವಲಾಗಿಯೋ ತನ್ನಿ. 'ನಾಲ್ಕು ಜನರದು' ಎಂದು ಬರೆದಿದ್ದರೆ ನಾಲ್ವರು ಭುಜಕ್ಕೆ ಭುಜ ತಾಗಿಸಿ ಮಲಗಬಹುದು ಎಂದರ್ಥ. ಅಪ್ಪ ಅಮ್ಮ, ಇಬ್ಬರು ಮಕ್ಕಳು, ಎರಡು ಚೀಲಕ್ಕೆ ಅದು ಸರಿಹೋಗುತ್ತದೆ. ಬೇಸಿಗೆಗೆ ಬೇಕಾದ್ದು ಎರಡು ಪದರದ ಟೆಂಟ್: ಒಳಗಿನದಕ್ಕೆ ನಾಲ್ಕೂ ಕಡೆ ಸೊಳ್ಳೆಪರದೆಯ ಕಿಟಕಿ, ಮೇಲಿನದು ಮಳೆಗೆ. ಮಳೆಯಿಲ್ಲದ ರಾತ್ರಿ ಮೇಲಿನ ಪದರ ತೆಗೆದುಬಿಟ್ಟರೆ ಗಾಳಿಯೂ ಆಡುತ್ತದೆ, ಮಲಗಿದಲ್ಲೇ ನಕ್ಷತ್ರಗಳೂ ಕಾಣುತ್ತವೆ.

ಹೊರಡುವ ಒಂದು ವಾರ ಮೊದಲು ಮನೆಯ ತಾರಸಿಯ ಮೇಲೋ ಅಜ್ಜಿ ಮನೆಯ ಅಂಗಳದಲ್ಲೋ ಒಂದು ರಾತ್ರಿ ಅದರಲ್ಲಿ ಮಲಗಿ. ಈ ತಾಲೀಮಿನಿಂದ ಬಹಳ ಸಂಗತಿ ತಿಳಿಯುತ್ತದೆ. ಜಿಪ್ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಗೂಟಗಳು ಎಲ್ಲ ಇವೆಯೇ, ಕಿರಿಯವನು ಕತ್ತಲಿಗೆ ಅಂಜುತ್ತಾನೋ ಇಲ್ಲವೋ. ಅಂಜಿದರೆ ಒಳಗೆ ಕರೆದುಕೊಂಡು ಹೋಗಿ ಹಾಸಿಗೆಯಲ್ಲಿ ಮಲಗಿಸಿ; ನಾಳೆ ರಾತ್ರಿ ಮತ್ತೆ ನೋಡಿದರಾಯಿತು. ಕಾಡಂಚಿನಲ್ಲಿ ರಾತ್ರಿ ಎರಡು ಗಂಟೆಗೆ ಆ ಅನುಕೂಲ ಇರುವುದಿಲ್ಲ.

ಬೇಸಿಗೆಗೆ ಸ್ಲೀಪಿಂಗ್ ಬ್ಯಾಗ್ ಅನಗತ್ಯ. ಕೆಳಗೆ ಚಾಪೆ, ಅದರ ಮೇಲೆ ಜಮಖಾನ, ಹೊದೆಯಲು ಮನೆಯ ಕೌದಿ. ಮಗುವಿಗೆ ಮನೆಯ ವಾಸನೆಯ ಹೊದಿಕೆ ಜೊತೆಗಿದ್ದರೆ ಹೊಸ ಜಾಗದಲ್ಲೂ ನಿದ್ದೆ ಬರುತ್ತದೆ. ಮಕ್ಕಳಿಗೆ ತಲಾ ಒಂದು ಸಣ್ಣ ಟಾರ್ಚ್, ಕುತ್ತಿಗೆಗೆ ದಾರ ಕಟ್ಟಿದ ಒಂದು ಪೀಪಿ. ದಾರಿ ತಪ್ಪಿದರೆ ಅತ್ತಿತ್ತ ಓಡದೆ ಹತ್ತಿರದ ಮರ ಹಿಡಿದು ನಿಂತು ಮೂರು ಸಲ ಊದಬೇಕೆಂದು ಮನೆಯಲ್ಲೇ ಆಟವಾಡಿಸಿ ಕಲಿಸಿ. ಸಾಮಾನಿನ ಬಗ್ಗೆ ಇನ್ನು ಹೆಚ್ಚು ಬರೆಯುವುದಿಲ್ಲ. ಉದ್ದ ತೋಳಿನ ಹತ್ತಿ ಬಟ್ಟೆ, ಟೊಪ್ಪಿ, ಮುಚ್ಚಿದ ಬೂಟು, ಎರಡು ಜೊತೆ ಹೆಚ್ಚುವರಿ ಬಟ್ಟೆ ಇದ್ದರೆ ಸಾಕು; ಅಂಗಡಿಯವರು ತೋರಿಸುವ ಮಿಕ್ಕ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಬೇಕಾಗುವುದಿಲ್ಲ.

ಟೆಂಟ್ ಹಾಕುವ ನೆಲ

ಬೆಳಗಿನ ಏಳು ಗಂಟೆಗೇ ಬಿಸಿಲು ಬಿದ್ದ ಟೆಂಟು ಒಳಗೆ ಒಲೆಯಂತಾಗುತ್ತದೆ. ಆದ್ದರಿಂದ ಮರ ಟೆಂಟಿನ ಪೂರ್ವಕ್ಕೆ ಬರುವಂತೆ ಜಾಗ ನೋಡಿ. ಆ ಮರ ಯಾವುದು ಎಂಬುದೂ ಮುಖ್ಯ. ತೆಂಗಿನ ಮರದ ಕೆಳಗೆ ಎಂದೂ ಬೇಡ. ಕಾಯಿ, ಗರಿ ಬೀಳಲು ಹೊತ್ತುಗೊತ್ತಿಲ್ಲ. ಒಣ ಕೊಂಬೆ ಜೋತ ಮರವೂ ಬೇಡ, ಮೇ ತಿಂಗಳ ಗಾಳಿಮಳೆಗೆ ಮೊದಲು ಮುರಿಯುವುದು ಅದೇ. ಆನೆ ಓಡಾಡುವ ಕೊಡಗು, ಸಕಲೇಶಪುರ ಸೀಮೆಯಲ್ಲಿ ಹಲಸಿನ ಮರದಿಂದ ದೂರವಿರಿ. ಮೇ ಹೊತ್ತಿಗೆ ಹಲಸು ಹಣ್ಣಾಗುತ್ತದೆ. ಅದರ ವಾಸನೆ ಹಿಡಿದು ಆನೆಗಳು ತೋಟಕ್ಕಿಳಿಯುತ್ತವೆ. ತಲೆಯೆತ್ತಿ ಹೆಜ್ಜೇನಿನ ಗೂಡಿದೆಯೇ ಎಂದೂ ನೋಡಿ. ಇದ್ದರೆ ಆ ಕಡೆ ಹೊಗೆ, ಗದ್ದಲ, ಕಲ್ಲೆಸೆತ ಯಾವುದೂ ಕೂಡದು. ಬೇರೆ ಜಾಗ ಹುಡುಕುವುದೇ ವಾಸಿ.

ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿ, ಮರಳು ಮರಳಾಗಿ ಕರೆಯುವಂತಿರುತ್ತದೆ. ಅಲ್ಲಿ ಟೆಂಟ್ ಹಾಕಬಾರದು. ಮೇಲೆಲ್ಲೋ ಬೆಟ್ಟದಲ್ಲಿ ಮಳೆ ಸುರಿದರೆ ನಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಹಳ್ಳ ಬರುತ್ತದೆ. ತುಸು ಎತ್ತರದ, ನೀರು ಹರಿದುಹೋಗುವ ನೆಲ ಒಳ್ಳೆಯದು.

ಟೆಂಟ್ ಕಟ್ಟುವಾಗ ಮಕ್ಕಳನ್ನು ಕೆಲಸಕ್ಕೆ ಹಚ್ಚಿ. ಮೂರು ವರ್ಷದವಳು ಗೂಟ ಎಣಿಸಿ ಕೊಡಲಿ, ಏಳು ವರ್ಷದವನು ಹಗ್ಗ ಹಿಡಿಯಲಿ. ಅರ್ಧ ಗಂಟೆಯ ಕೆಲಸ ಒಂದೂವರೆ ಗಂಟೆಯಾಗುತ್ತದೆ. ಆಗಲಿ. ತಾವೇ ಕಟ್ಟಿದ ಮನೆಯಲ್ಲಿ ಮಲಗಲು ಮಕ್ಕಳು ಅಂಜುವುದು ಕಡಿಮೆ.

ಗುಡುಗು ಕೇಳಿದರೆ

ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಬರುವುದು ಇದೇ ರಜೆಯ ದಿನಗಳಲ್ಲಿ. ಬೆಳಿಗ್ಗೆ ನಿರಭ್ರವಾಗಿದ್ದ ಆಕಾಶ ಮಧ್ಯಾಹ್ನ ಮೂರರ ಮೇಲೆ ಕಪ್ಪಾಗಿ, ಗಾಳಿಯೆದ್ದು, ಗುಡುಗು ಸಿಡಿಲಿನೊಂದಿಗೆ, ಕೆಲವೊಮ್ಮೆ ಆಲಿಕಲ್ಲಿನೊಂದಿಗೆ ಸುರಿಯುತ್ತದೆ. ಟೆಂಟು ಮಳೆಯಿಂದ ಕಾಪಾಡೀತು, ಸಿಡಿಲಿನಿಂದ ಕಾಪಾಡದು. ಒಂಟಿ ಮರ ಇನ್ನೂ ಅಪಾಯ. ಗಟ್ಟಿ ಕಟ್ಟಡ ಅಥವಾ ಗಾಜು ಏರಿಸಿದ ಕಾರು ಇವೆರಡೇ ಆಶ್ರಯ. ಬಿಡಾರದಿಂದ ಅವು ಕೂಗಳತೆಯಲ್ಲಿರಲಿ.

ಮಕ್ಕಳಿಗೆ ಎಣಿಸಲು ಕಲಿಸಿ. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಬೇಕು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ತೆಗೆದುಕೊಳ್ಳುತ್ತದೆ. 30 ಎಣಿಸುವುದರೊಳಗೆ ಗುಡುಗು ಕೇಳಿತೆಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಎಲ್ಲ ಬಿಟ್ಟು ಒಳಗೆ ನಡೆಯಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾದು ಹೊರಗೆ ಬರಬೇಕು. ಭಯವನ್ನು ಲೆಕ್ಕವಾಗಿ ಮಾರ್ಪಡಿಸುವ ಈ ಆಟ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರ 'ದಾಮಿನಿ' ಆ್ಯಪ್ ಸುತ್ತಮುತ್ತ ಬಿದ್ದ ಸಿಡಿಲನ್ನು ತೋರಿಸಿ ಎಚ್ಚರಿಸುತ್ತದೆ. ಹೊರಡುವ ಮೊದಲೇ ಫೋನಿಗೆ ಹಾಕಿಕೊಳ್ಳಿ.

ಬುತ್ತಿ ಮತ್ತು ನೀರು

ಸೆಕೆಯಲ್ಲಿ ಕೆಡದ ಬುತ್ತಿಯ ವಿದ್ಯೆ ನಮ್ಮ ಹಿರಿಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಬಿಸಿ ಅನ್ನ ಮಿದ್ದು, ಧಾರಾಳವಾಗಿ ಹಾಲು ಹಾಕಿ, ಆರಿದ ಮೇಲೆ ಒಂದೇ ಚಮಚ ಮೊಸರು ಬೆರೆಸಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಿಲ್ಲದ ಮೊಸರನ್ನ ತಯಾರು. ಹಸಿ ತೆಂಗಿನಕಾಯಿ ಹಾಕಿದ ಚಿತ್ರಾನ್ನ, ಕಾಯಿಚಟ್ನಿ ಬಿಸಿಲಿಗೆ ಹಳಸುತ್ತವೆ. ಎಣ್ಣೆಯಲ್ಲಿ ಕುದಿಸಿದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಆ ಚಿಂತೆಯಿಲ್ಲ. ಒಲೆಯನ್ನೇ ಹಚ್ಚದೆ ಮಕ್ಕಳ ಹೊಟ್ಟೆ ತುಂಬಿಸಲು ರಾಗಿ ಹುರಿಹಿಟ್ಟು, ಬೆಲ್ಲ, ಹಾಲು ಸಾಕು. ಹಾಲಿಗೆ ನಂದಿನಿ ಗುಡ್‌ಲೈಫ್ ಪೊಟ್ಟಣ ಅನುಕೂಲ, ಒಡೆಯುವವರೆಗೆ ಫ್ರಿಜ್ ಬೇಡ. ಒಡೆದ ಮೇಲೆ ಮುಗಿಸಿಬಿಡಬೇಕು, ಹಾಗಾಗಿ ಚಿಕ್ಕ ಪೊಟ್ಟಣಗಳನ್ನೇ ಕೊಳ್ಳಿ.

ರಾತ್ರಿಗೆ ಒಂದೇ ಪಾತ್ರೆಯ ಅಡುಗೆ ಸಾಕು. ಅಕ್ಕಿ, ಹೆಸರುಬೇಳೆಯನ್ನು ಮನೆಯಲ್ಲೇ ಹುರಿದು, ಜೀರಿಗೆ, ಮೆಣಸು, ಉಪ್ಪು ಸೇರಿಸಿ ಪೊಟ್ಟಣ ಕಟ್ಟಿಕೊಂಡರೆ ಅಲ್ಲಿ ನೀರು ಹಾಕಿ ಕುಕ್ಕರ್ ಕೂಗಿಸುವುದಷ್ಟೇ ಕೆಲಸ. ಮೇಲೆ ತುಪ್ಪ, ಪಕ್ಕಕ್ಕೆ ಹಪ್ಪಳ. ಆಡಿ ದಣಿದ ಮಗು ಎರಡು ಸಲ ಬಡಿಸಿಕೊಂಡು ಉಣ್ಣುತ್ತದೆ. ಕತ್ತಲಾಗುವ ಮೊದಲೇ ಊಟ ಮುಗಿಸಿ ಪಾತ್ರೆ ತೊಳೆದಿಡಿ. ತಿಂಡಿಯ ಡಬ್ಬಿ ರಾತ್ರಿ ಕಾರಿನೊಳಗಿರಲಿ. ಟೆಂಟಿನಲ್ಲಿ ಬಿಸ್ಕತ್ತಿನ ಚೂರು ಉಳಿದರೂ ಇರುವೆ ಬರುತ್ತದೆ, ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮಂಗಗಳಿಗೆ ಒಂದು ತುಣುಕನ್ನೂ ಕೊಡಬೇಡಿ. ಇಂದು ಬಾಳೆಹಣ್ಣು ಸಿಕ್ಕ ಮಂಗ ನಾಳೆ ಇನ್ನೊಂದು ಮಗುವಿನ ಕೈ ಪರಚುತ್ತದೆ.

ಗ್ಯಾಸ್ ಒಲೆಯನ್ನಾಗಲಿ ಕೆಂಡವನ್ನಾಗಲಿ ಯಾವ ಕಾರಣಕ್ಕೂ ಟೆಂಟಿನೊಳಗೆ ತರಬಾರದು. ಮುಚ್ಚಿದ ಜಾಗದಲ್ಲಿ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಕ್ಯಾಂಪ್ ಫೈರ್ ಇಲ್ಲದೆ ಬಿಡಾರವೇ ಎಂದು ಕೇಳುವವರಿಗೆ ನನ್ನ ಉತ್ತರ: ಬೇಸಿಗೆಯಲ್ಲಿ ಬೇಡವೇ ಬೇಡ. ತರಗೆಲೆ ಗರಿಗರಿಯಾಗಿ ಒಣಗಿದ ಕಾಲ. ಒಂದು ಕಿಡಿ ಹಾರಿದರೂ ಎಕರೆಗಟ್ಟಲೆ ಕಾಡು ಹೋಗುತ್ತದೆ, ಅದನ್ನು ಆರಿಸಲು ಸೊಪ್ಪಿನ ಕೊಂಬೆ ಹಿಡಿದು ಓಡುವವರು ಆ ಊರಿನ ಬಡ ವಾಚರುಗಳು.

ನಾಲ್ಕು ಜನಕ್ಕೆ ಒಂದು ದಿನದ ಕುಡಿಯುವ, ಅಡುಗೆಯ ನೀರಿಗೆ 20 ಲೀಟರಿನ ಒಂದು ಕ್ಯಾನ್ ಒಯ್ಯಿರಿ. ಮಗು ಕೇಳುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಕುಡಿಸಿ. ಮಜ್ಜಿಗೆ, ನಿಂಬೆ ಪಾನಕ, ಎಳನೀರು ಯಾವುದಾದರೂ ಸರಿ. ಓಆರ್‌ಎಸ್ ಪೊಟ್ಟಣಗಳು ಜೊತೆಗಿರಲಿ. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ 1 ಲೀಟರ್ ನೀರು, ಕಡಿಮೆಯೂ ಅಲ್ಲ ಹೆಚ್ಚೂ ಅಲ್ಲ. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಮಗು ಆರು ಗಂಟೆ ಕಾಲ ಮೂತ್ರ ಮಾಡದಿದ್ದರೆ, ಬಾಯಿ ಒಣಗಿ ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲುವುದು ಬೇಡ. ಚೌಕಾಬಾರ, ಅಳಗುಳಿಮಣೆ, ಕಥೆ, ನಿದ್ದೆಗೆ ಅದೇ ಸಮಯ. ನಿಲ್ಲಿಸಿದ ಕಾರಿನಲ್ಲಿ ಮಲಗಿದ ಮಗುವನ್ನು ಐದು ನಿಮಿಷವೂ ಬಿಟ್ಟು ಹೋಗಬೇಡಿ.

ಹೊಳೆ, ಹಾವು, ಉಣುಗು

ಬಿಡಾರಕ್ಕೆ ಹೋದ ಮನೆಯವರನ್ನು ನಾನು ಎಚ್ಚರಿಸಬೇಕಾದ ಅಪಾಯಗಳಲ್ಲಿ ಮೊದಲನೆಯದು ಹೊಳೆ. ಸಂಗಮ, ಮೇಕೆದಾಟು ಕಡೆ ಕಾವೇರಿ ಬೇಸಿಗೆಯಲ್ಲಿ ಮೊಣಕಾಲುದ್ದ ಹರಿಯುವಂತೆ ಕಾಣುತ್ತದೆ. ಬಂಡೆಗಳ ನಡುವೆ ನೀರೇ ಕೊರೆದ ಆಳವಾದ ಗುಂಡಿಗಳಿವೆ, ಸುಳಿಗಳಿವೆ, ಮೊಸಳೆಗಳೂ ಇವೆ. ಅಣೆಕಟ್ಟಿನ ಕೆಳಗಿನ ಯಾವ ಹೊಳೆಯಲ್ಲಾದರೂ ನೀರು ಬಿಟ್ಟಾಗ ಮಟ್ಟ ಇದ್ದಕ್ಕಿದ್ದಂತೆ ಏರುತ್ತದೆ. ಸ್ಥಳೀಯರು ಇಳಿಯುವ ಜಾಗದಲ್ಲಿ, ಅವರನ್ನು ಕೇಳಿ, ಪಾದ ಮುಳುಗುವಷ್ಟಕ್ಕೆ ಮಾತ್ರ ಇಳಿಸಿ. ಮಗು ಕೈಗೆಟಕುವ ದೂರದಲ್ಲೇ ಇರಬೇಕು. ಆ ಹೊತ್ತು ದೊಡ್ಡವರಲ್ಲಿ ಒಬ್ಬರ ಕೆಲಸ ಅದೊಂದೇ. ಕೈಯಲ್ಲಿ ಫೋನ್ ಕೂಡದು. ತೆಪ್ಪ ಹತ್ತುವುದಾದರೆ ಮಗುವಿನ ಅಳತೆಯ ಲೈಫ್ ಜಾಕೆಟ್ ಇಲ್ಲದೆ ಹತ್ತಿಸಬೇಡಿ, ದೊಡ್ಡವರದ್ದು ಮಗುವಿನ ತಲೆಯಿಂದ ಜಾರಿಹೋಗುತ್ತದೆ.

ಹಾವಿನ ವಿಷಯದಲ್ಲಿ ಜಿಪ್ಪೇ ರಕ್ಷೆ. ಕಟ್ಟುಹಾವು ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಟೆಂಟಿನ ಬಾಗಿಲು ಹಗಲೂ ರಾತ್ರಿಯೂ ಮುಚ್ಚಿರಲಿ. ಬೂಟನ್ನು ಚೀಲದಲ್ಲಿ ಕಟ್ಟಿಡಿ, ಬೆಳಿಗ್ಗೆ ಕೊಡವಿ ಹಾಕಿಸಿ, ಚೇಳು ಅಡಗಿರಬಹುದು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಮಗುವನ್ನು ನಡೆಸದೆ, ಕಚ್ಚಿದ ಅಂಗ ಅಲುಗದಂತೆ ಎತ್ತಿಕೊಂಡು, ಪ್ರತಿವಿಷ ಇರುವ ಆಸ್ಪತ್ರೆಗೆ ಹೊರಡಿ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದೆ. ತಾಣಕ್ಕೆ ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ, ಎಷ್ಟು ಹೊತ್ತಿನ ದಾರಿ ಎಂಬುದನ್ನು ಹೊರಡುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. 108 ಕರೆಯಲು ನೆಟ್‌ವರ್ಕ್ ಎಲ್ಲಿ ಸಿಗುತ್ತದೆಂದು ಅಲ್ಲಿಗೆ ಹೋದ ಕೂಡಲೇ ನೋಡಿಕೊಳ್ಳಿ.

ಮಲೆನಾಡಿನಲ್ಲಿ ಬೇಸಿಗೆಗೇ ಮೀಸಲಾದ ಇನ್ನೊಂದು ಅಪಾಯ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಿಗೆ ಹೋಗುವವರು ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಪ್ರವಾಸ ಮುಂದೂಡಿ. ಕಾಡಿಗೆ ಹೋಗುವವರು ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಡೇಪಾ ತೈಲ ಹಂಚುತ್ತದೆ. ಮಕ್ಕಳಿಗೆ ಹಚ್ಚುವ ಮೊದಲು ಅಲ್ಲಿನ ವೈದ್ಯರನ್ನು ಕೇಳಿ. ತರಗೆಲೆಯ ಮೇಲೆ ಕೂರಿಸಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಸಂಜೆ ಸ್ನಾನಕ್ಕೆ ಮೊದಲು ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಮಂಡಿಯ ಹಿಂಭಾಗ, ಕೂದಲಿನ ಬುಡ ನೋಡಿ. ಉಣುಗು ಕಚ್ಚಿ ಹಿಡಿದಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲೆಳೆಯಿರಿ. ಬರಿಗೈಯಲ್ಲಿ ಹೊಸಕುವುದು, ಸೀಮೆಎಣ್ಣೆ ಹಾಕುವುದು, ಸುಡುವುದು ತಪ್ಪು. ಆಮೇಲೆ ಸೋಪಿನಿಂದ ತೊಳೆಯಿರಿ.

ಕತ್ತಲಾದ ಮೇಲೆ

ಇಷ್ಟೆಲ್ಲ ಎಚ್ಚರಿಕೆ ಯಾವುದಕ್ಕಾಗಿಯೋ ಆ ಹೊತ್ತು ಬರುವುದು ಊಟವಾದ ಮೇಲೆ. ಫೋನು, ಸ್ಪೀಕರು ಎಲ್ಲ ಚೀಲಕ್ಕೆ ಸೇರಲಿ. ಟಾರ್ಚ್ ಆರಿಸಿ ಹತ್ತು ನಿಮಿಷ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಏಪ್ರಿಲ್–ಮೇ ರಾತ್ರಿ ಎಂಟರ ಸುಮಾರಿಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ಎತ್ತರಕ್ಕೆ ಬಂದಿರುತ್ತದೆ. ಅದರ ಮುಂದಿನ ಎರಡು ನಕ್ಷತ್ರ, ಪುಲಹ ಮತ್ತು ಕ್ರತುಗಳನ್ನು ಸೇರಿಸಿ ಗೆರೆ ಎಳೆದರೆ ಧ್ರುವ ಸಿಗುತ್ತದೆ. ನಮ್ಮಲ್ಲಿ ಧ್ರುವ ತುಂಬ ಕೆಳಗೆ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ. ಮಕ್ಕಳು ತಾವೇ ಅಳೆದು ನೋಡಲಿ. ಬಾಲದ ನಡುವಿನ ವಸಿಷ್ಠನ ಪಕ್ಕದಲ್ಲಿ ಅರುಂಧತಿ ಕಾಣುತ್ತಾಳೆಯೇ ಎಂದು ಕೇಳಿ. ಮನೆಯಲ್ಲಿ ಯಾರ ಕಣ್ಣು ಚುರುಕೆಂದು ತಿಳಿಯುತ್ತದೆ. ಬಾಲದ ಬಾಗಿನ ಜಾಡು ಹಿಡಿದು ಮುಂದೆ ಹೋದರೆ ಕೆಂಪುಹಳದಿಯ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ರಾ. ನಕ್ಷತ್ರ ಬೇಕೆಂದವರು ಅಮಾವಾಸ್ಯೆಯ ಆಸುಪಾಸಿಗೆ ಹೋಗಬೇಕು. ಕತ್ತಲಿಗೆ ಅಂಜುವ ಚಿಕ್ಕ ಮಗುವಿದ್ದರೆ ಹುಣ್ಣಿಮೆಯ ಹತ್ತಿರ ಹೋಗಿ. ಮೇ ಕೊನೆಗೆ, ಒಂದೆರಡು ಮಳೆ ಬಿದ್ದ ಮೇಲೆ ಹೋದವರಿಗೆ ಪಶ್ಚಿಮ ಘಟ್ಟದ ಅಂಚಿನಲ್ಲಿ ಮರದ ತುಂಬ ಮಿಣುಕುಹುಳು ಕಾಣಸಿಗಬಹುದು.

ಮಲಗುವ ಮುಂಚೆ ಎಲ್ಲರನ್ನೂ ಮೂತ್ರಕ್ಕೆ ಕರೆದೊಯ್ಯಿರಿ. ನಡುರಾತ್ರಿ ಮಗು ಎದ್ದರೆ ದೊಡ್ಡವರು ಮೊದಲು ಟಾರ್ಚ್ ಬೆಳಕು ನೆಲದ ಮೇಲೆ ಹಾಯಿಸಿ, ಕೈ ಹಿಡಿದು ಹೋಗಬೇಕು. ಯಾವುದೋ ಸದ್ದಿಗೆ ಬೆದರಿದರೆ 'ಏನೂ ಇಲ್ಲ, ಮಲಗು' ಎನ್ನುವುದಕ್ಕಿಂತ ಅದು ಏನೆಂದು ಹೇಳಿ. ಜೀರುಂಡೆ, ಗೂಬೆ, ಒಣ ಎಲೆಯ ಮೇಲೆ ಕಪ್ಪೆ. ಹೆಸರು ಗೊತ್ತಾದ ಸದ್ದಿಗೆ ಮಗು ಅಷ್ಟಾಗಿ ಹೆದರುವುದಿಲ್ಲ. ಬೆಳಿಗ್ಗೆ ಆರಕ್ಕೆ ಕುಟ್ರಹಕ್ಕಿಯ ಕೂಗಿಗೆ ಎಲ್ಲರಿಗೂ ಎಚ್ಚರವಾಗುತ್ತದೆ. ತಂಪಿನಲ್ಲಿ ಒಂದು ಸುತ್ತು ನಡೆದು ಬರಲು ಅದೇ ಸರಿಯಾದ ಹೊತ್ತು.

ಹೊರಡುವ ಮುಂಚೆ ಮಕ್ಕಳ ಕೈಗೆ ಒಂದು ಚೀಲ ಕೊಟ್ಟು, ತಮ್ಮದಲ್ಲದ ಕಸವನ್ನೂ ಸೇರಿಸಿ ಆಯಿಸಿ. ಡಯಾಪರ್, ಒದ್ದೆ ಟಿಶ್ಯೂ ಯಾವುದನ್ನೂ ಹೂಳಬೇಡಿ, ಊರಿಗೆ ವಾಪಸು ತನ್ನಿ. ಮನೆಗೆ ಬಂದ ದಿನವೇ ಟೆಂಟನ್ನು ಬಿಚ್ಚಿ ನೆರಳಿನಲ್ಲಿ ಒಣಹಾಕಿ. ತೇವದಲ್ಲಿ ಮಡಿಸಿಟ್ಟರೆ ಬೂಷ್ಟು ಹಿಡಿದು ಮುಂದಿನ ಸಲಕ್ಕೆ ಉಳಿಯುವುದಿಲ್ಲ. ಕಾಡಿನಲ್ಲಿ ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಮಂಗನ ಕಾಯಿಲೆಯ ಲಕ್ಷಣ ಕಾಣಿಸಿಕೊಳ್ಳುವುದು ಉಣುಗು ಕಚ್ಚಿದ 3ರಿಂದ 8 ದಿನಕ್ಕೆ. ಮರಳಿದ ಎರಡು ವಾರದೊಳಗೆ ಮಕ್ಕಳಿಗಾಗಲಿ ದೊಡ್ಡವರಿಗಾಗಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿಸಿ ಕಾಯಬೇಡಿ. ವೈದ್ಯರ ಹತ್ತಿರ ಹೋಗಿ, ಯಾವ ತಾಲ್ಲೂಕಿನ ಕಾಡಿಗೆ ಯಾವ ದಿನ ಹೋಗಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.